ಮಲೆನಾಡಿನ ಬೇಸಿಗೆ: ಗಾಳ, ಮೀನುಸಾರು, ಹಲಸಿನ ಹಪ್ಪಳ, ಮುರುಗಲು ಪಾನಕ

ಯುಗಾದಿ ಕಳೆದು ರೋಹಿಣಿ ಮಳೆ ಹಿಡಿಯುವವರೆಗಿನ ದಿನಗಳಲ್ಲಿ ಮಲೆನಾಡಿನ ಹಳ್ಳಗಳು ಇಳಿದು ಗುಂಡಿಗಳಲ್ಲಿ ಮಾತ್ರ ನೀರು ನಿಂತಿರುತ್ತದೆ. ಹಲಸಿನಕಾಯಿ ಬಲಿತಿರುತ್ತದೆ, ಮುರುಗಲು (ಕೋಕಂ ಹಣ್ಣು) ಕೆಂಪೇರುತ್ತಿರುತ್ತದೆ, ಅಂಗಳದ ನೆಲ ಬರಿಗಾಲಿಗೆ ಸುಡುತ್ತಿರುತ್ತದೆ. ಈ ಕಾಲದ ಸುಖಗಳಿಗೆಲ್ಲ ಖರ್ಚು ಕಡಿಮೆ, ಆದರೆ ಹೊತ್ತು ತಪ್ಪಿದರೆ ಒಂದೂ ಕೈಗೂಡುವುದಿಲ್ಲ. ಮೀನು ಬೆಳಗಿನ ತಂಪಿನಲ್ಲಿ ಕಚ್ಚುತ್ತದೆ, ಹಪ್ಪಳ ಒಂಬತ್ತು ಗಂಟೆಯೊಳಗೆ ಚಾಪೆಯ ಮೇಲಿರಬೇಕು, ಮುರುಗಲಿನ ಜಾಡಿಗೆ ಮಧ್ಯಾಹ್ನದ ಬಿಸಿಲು ಬೇಕು. ಏಪ್ರಿಲ್ ಕೊನೆಯಿಂದ ಸಂಜೆಯ ಗುಡುಗು ಮಳೆ ಶುರುವಾಗುವುದರಿಂದ ಒಣಗಿಸುವ ಕೆಲಸವನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಗಾಳದ ಕೋಲು ಮತ್ತು ದಾರ

ಹಳ್ಳಕ್ಕೂ ಸಣ್ಣ ಕೆರೆಗೂ ರೀಲ್ ಇರುವ ಕೋಲು ಬೇಡ, 8ರಿಂದ 10 ಅಡಿಯ ಬಿದಿರಿನ ಕೋಲು ಸಾಕು. ಒಳಗೆ ಟೊಳ್ಳು ಕಡಿಮೆ ಇರುವ ಗಟ್ಟಿ ಬಿದಿರನ್ನೇ ಆರಿಸಿ. ಬುಡ ಹೆಬ್ಬೆರಳಿನಷ್ಟು ದಪ್ಪ, ತುದಿ ಪೆನ್ಸಿಲಿಗಿಂತ ಸಣ್ಣ ಇರಲಿ. ಆ ವರ್ಷ ಹುಟ್ಟಿದ ಎಳೆ ಬಿದಿರು ಒಣಗಿದಾಗ ಸುಕ್ಕುಗಟ್ಟಿ ಸೀಳುತ್ತದೆ, ಆದ್ದರಿಂದ ಎರಡು ಮೂರು ವರ್ಷ ಬಲಿತದ್ದೇ ಬೇಕು. ಗೆಣ್ಣುಗಳನ್ನು ಹೆರೆದು ನಯಮಾಡಿ, ಒಂದು ತುದಿಗೆ ಕಲ್ಲು ಕಟ್ಟಿ ಕೊಟ್ಟಿಗೆಯ ನೆರಳಿನಲ್ಲಿ ಎರಡು ಮೂರು ವಾರ ನೇತುಹಾಕಿದರೆ ನೆಟ್ಟಗೆ ಒಣಗುತ್ತದೆ. ಬಿಸಿಲಿಗಿಟ್ಟ ಕೋಲು ಸೀಳುವುದೇ ಹೆಚ್ಚು.

ತಂಗೂಸಿಯ, ಅಂದರೆ ನೈಲಾನ್ ದಾರದ ಉದ್ದ ಕೋಲಿನಷ್ಟೇ ಇರಲಿ, ಬೇಕಿದ್ದರೆ ಒಂದಡಿ ಕಡಿಮೆ. ಕೋಲಿಗಿಂತ ಉದ್ದವಾದರೆ ಮೀನು ಎತ್ತಿದಾಗ ನಿಮ್ಮನ್ನು ದಾಟಿ ಹಿಂದಿನ ಪೊದೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಗೆಂಡೆ, ಪಕ್ಕೆಯಂಥ ಮೀನಿಗೆ 0.20ರಿಂದ 0.25 ಮಿಲಿಮೀಟರ್ ದಪ್ಪದ ದಾರ, ಕೊರವ ಮತ್ತು ಮುರುಗೋಡಿನಂಥ ದೊಡ್ಡ ಮೀನಿಗೆ 0.35. ದಾರವನ್ನು ಕೋಲಿನ ತುದಿಗೆ ಮಾತ್ರ ಕಟ್ಟಬೇಡಿ. ಮೊದಲು ತುದಿಯಿಂದ ಎರಡನೇ ಗೆಣ್ಣಿನ ಕೆಳಗೆ ಒಂದು ಗಂಟು ಹಾಕಿ, ಅಲ್ಲಿಂದ ಕೋಲಿಗೆ ಸುತ್ತುತ್ತಾ ತಂದು ತುದಿಯಲ್ಲಿ ಇನ್ನೊಂದು ಗಂಟು ಹಾಕಿ. ತುದಿ ಮುರಿದರೂ ಮೀನು ದಾರದೊಂದಿಗೆ ಹೋಗುವುದಿಲ್ಲ.

ಗಾಳದ ನಂಬರ್ ಹೆಚ್ಚಿದಷ್ಟೂ ಗಾಳ ಸಣ್ಣದು ಎನ್ನುವುದು ನೆನಪಿರಲಿ. ಪಕ್ಕೆಗೆ 12ನೇ ನಂಬರ್, ಗೆಂಡೆ ಮತ್ತು ಜಿಲೇಬಿ ಮೀನಿಗೆ (ತಿಲಾಪಿಯಾ) 10, ಕೊರವ ಮುರುಗೋಡಿಗೆ 6 ಅಥವಾ 8. ಹುಳು ಮಾತ್ರ ಖಾಲಿಯಾಗುತ್ತಿದ್ದು ಮೀನು ಸಿಗುತ್ತಿಲ್ಲವೆಂದರೆ ಬಹುಪಾಲು ಗಾಳವೇ ಆ ಮೀನಿನ ಬಾಯಿಗೆ ದೊಡ್ಡದಾಗಿರುತ್ತದೆ.

ದೊಡ್ಡ ಮೀನು ತಪ್ಪಿಹೋಗುವುದು ಹೆಚ್ಚಾಗಿ ಗಂಟಿನ ಹತ್ತಿರ ದಾರ ಕಡಿದು. ದಾರದ ತುದಿಯನ್ನು ಗಾಳದ ಕಣ್ಣಿನೊಳಗೆ ತೂರಿಸಿ, ಮೂಲ ದಾರದ ಸುತ್ತ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದಲ್ಲೇ ಉಂಟಾದ ಸಣ್ಣ ಕುಣಿಕೆಯೊಳಗೆ ತುದಿಯನ್ನು ತೂರಿಸಿ. ಎಳೆಯುವ ಮೊದಲು ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ, ಆಮೇಲೆ ಮೆಲ್ಲಗೆ ಬಿಗಿಯಿರಿ. ಒಣ ದಾರವನ್ನು ಜಗ್ಗಿ ಬಿಗಿದರೆ ಉಜ್ಜಿದ ಕಾವಿಗೆ ನೈಲಾನ್ ಸುರುಳಿಕೊಳ್ಳುತ್ತದೆ. ಮುಂದೆ ಎಳೆತ ಬಿದ್ದಾಗ ಅದು ಕಡಿಯುವುದು ಅಲ್ಲೇ. ಉಳಿದ ತುದಿಯನ್ನು ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ.

ನೀರಿನ ಮೇಲೆ ತೇಲುತ್ತಾ ಮೀನು ಕಚ್ಚಿದ್ದನ್ನು ತೋರಿಸುವ ಬೆಂಡಿಗೆ ಹಳೇ ಹವಾಯಿ ಚಪ್ಪಲಿಯ ತುಂಡು ಚೆನ್ನಾಗಿರುತ್ತದೆ. ಥರ್ಮೋಕೋಲ್ ಪುಡಿಯಾಗಿ ಹಳ್ಳ ಸೇರುತ್ತದೆ, ಅದು ಬೇಡ. ತೋರುಬೆರಳಿನ ತುದಿಯಷ್ಟು ಕತ್ತರಿಸಿ, ಸೂಜಿಯಿಂದ ತೂತು ಮಾಡಿ ದಾರ ತೂರಿಸಿ, ಒಂದು ಕಡ್ಡಿ ಚುಚ್ಚಿ ನಿಲ್ಲಿಸಿ. ಹೀಗಿದ್ದರೆ ಮೇಲೆ ಕೆಳಗೆ ಸರಿಸಬಹುದು. ಗಾಳದಿಂದ ನಾಲ್ಕು ಇಂಚು ಮೇಲೆ ಸೀಸದ ಗುಂಡು ಕಚ್ಚಿಸಿ. ಬೆಂಡಿನ ಕಾಲು ಭಾಗ ಮಾತ್ರ ನೀರಿನ ಮೇಲೆ ಕಾಣುವಷ್ಟು ಭಾರ ಸಾಕು. ಬೆಂಡು ಪೂರಾ ತೇಲುತ್ತಿದ್ದರೆ ಕಚ್ಚಿದ ಮೀನಿಗೆ ಎಳೆತ ಗೊತ್ತಾಗಿ ತಕ್ಷಣ ಉಗುಳುತ್ತದೆ.

ನೀರಿನ ಆಳ ಬೆಂಡಿನಿಂದಲೇ ತಿಳಿಯುತ್ತದೆ. ಹಾಕಿದಾಗ ಬೆಂಡು ಅಡ್ಡ ಮಲಗಿದರೆ ಸೀಸ ತಳ ಮುಟ್ಟಿದೆ, ದಾರ ಹೆಚ್ಚಾಗಿದೆ ಎಂದರ್ಥ. ನೆಟ್ಟಗೆ ನಿಲ್ಲುವವರೆಗೆ ಎರಡೆರಡು ಇಂಚು ಕಡಿಮೆ ಮಾಡುತ್ತಾ ಬನ್ನಿ. ಗೆಂಡೆಗೆ ಹುಳು ತಳದಿಂದ ಎರಡು ಮೂರು ಇಂಚು ಮೇಲಿರಬೇಕು, ಮುರುಗೋಡಿಗೆ ತಳದಲ್ಲೇ ಮಲಗಿರಬೇಕು, ಪಕ್ಕೆಗೆ ಅರ್ಧ ನೀರು ಸಾಕು.

ಹುಳು, ಹಿಟ್ಟು, ಜಾಗ, ಹೊತ್ತು

ಬಚ್ಚಲ ನೀರು ಹರಿಯುವ ಬಾಳೆಬುಡದಲ್ಲಿ ಬೇಸಿಗೆಯಲ್ಲೂ ಎರೆಹುಳು ಸಿಗುತ್ತದೆ. ಗೆರಟೆಯಲ್ಲಿ ಅದೇ ಹಸಿ ಮಣ್ಣು ಹಾಕಿ, ಮೇಲೆ ಕೆಸುವಿನ ಎಲೆ ಮುಚ್ಚಿ ನೆರಳಲ್ಲಿಡಿ. ಬಿಸಿಲು ಬಿದ್ದರೆ ಅರ್ಧ ಗಂಟೆಯಲ್ಲಿ ಸತ್ತು ಮೆತ್ತಗಾಗಿ ಗಾಳದಲ್ಲಿ ನಿಲ್ಲುವುದಿಲ್ಲ. ಸಣ್ಣ ಗಾಳಕ್ಕೆ ಒಂದಿಂಚಿನ ತುಂಡು ಸಾಕು. ಗಾಳದ ಉದ್ದಕ್ಕೂ ತೂರಿಸಿ, ಕಾಲಿಂಚು ಬಾಲ ಅಲ್ಲಾಡಲು ಬಿಡಿ. ಉದ್ದ ಬಾಲ ಬಿಟ್ಟರೆ ಮೀನು ಅದನ್ನಷ್ಟೇ ಕಿತ್ತುಕೊಂಡು ಹೋಗುತ್ತದೆ.

ಹುಳು ಮುಟ್ಟಲಾಗದವರಿಗೆ ಹಿಟ್ಟು. ಒಂದು ಹಿಡಿ ಗೋಧಿಹಿಟ್ಟಿಗೆ ಎರಡು ಚಮಚ ಪುಡಿ ಮಾಡಿದ ಶೇಂಗಾ ಹಿಂಡಿ ಸೇರಿಸಿ, ರೊಟ್ಟಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಬಟಾಣಿ ಗಾತ್ರದ ಉಂಡೆ ಕಟ್ಟಿ. ನೀರಿಗೆ ಬಿದ್ದ ಕೂಡಲೇ ಕರಗುತ್ತಿದ್ದರೆ ನಾದುವಾಗ ಸ್ವಲ್ಪ ಹತ್ತಿಯ ಎಳೆ ಸೇರಿಸಿ. ಗೆಂಡೆ, ಜಿಲೇಬಿ ಇದಕ್ಕೆ ಚೆನ್ನಾಗಿ ಬರುತ್ತವೆ. ಕೊರವ ತಿರುಗಿಯೂ ನೋಡುವುದಿಲ್ಲ, ಅದಕ್ಕೆ ಮಿಡತೆಯೋ ಸಣ್ಣ ಪಕ್ಕೆಯೋ ಬೇಕು.

ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಕೂರಿ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಮಧ್ಯಾಹ್ನ ಮೀನು ಆಳಕ್ಕೋ ಬೇರಿನ ಸಂದಿಗೋ ಸರಿದು ತಿನ್ನುವುದನ್ನೇ ನಿಲ್ಲಿಸುತ್ತದೆ. ಜಾಗ ಹುಡುಕುವಾಗ ನೀರಿನ ಮೇಲೆ ಬಾಗಿದ ಮರ, ಗುಂಡಿಗೆ ಸಣ್ಣ ನೀರು ಬಂದು ಬೀಳುವ ಬಾಯಿ, ದೊಡ್ಡ ಬಂಡೆಯ ನೆರಳು ನೋಡಿ. ಮಿಂಚುಳ್ಳಿ ಮತ್ತೆ ಮತ್ತೆ ಒಂದೇ ಕೊಂಬೆಗೆ ಬಂದು ಕೂರುತ್ತಿದ್ದರೆ ಅದರ ಕೆಳಗೆ ಸಣ್ಣ ಮೀನು ಖಂಡಿತ ಇದೆ. ನಿಮ್ಮ ನೆರಳು ನೀರಿಗೆ ಬೀಳದ ದಡದಲ್ಲಿ ಕೂರಿ, ಕಾಲು ಬಡಿಯಬೇಡಿ. ಮಾತಿಗಿಂತ ನೆಲದ ಅದುರು ಮೀನಿಗೆ ಬೇಗ ತಿಳಿಯುತ್ತದೆ.

ಬೆಂಡಿನ ಆಟ ಓದುವುದೇ ಈ ಕೆಲಸದ ರುಚಿ. ಗೆಂಡೆ ಕಚ್ಚಿದರೆ ಬೆಂಡು ಎರಡು ಸಲ ನಡುಗಿ ಓರೆಯಾಗಿ ಜಾರುತ್ತದೆ. ಎತ್ತಬೇಕಾದ್ದು ಜಾರಿದಾಗ, ನಡುಗಿದಾಗಲ್ಲ. ಪಕ್ಕೆ ಟಕಟಕ ಕುಟುಕುತ್ತಲೇ ಇರುತ್ತದೆ. ಕೊರವ ನಿಧಾನಕ್ಕೆ ಎಳೆದುಕೊಂಡು ಹೋಗುತ್ತದೆ, ಮೂರು ನಾಲ್ಕು ಎಣಿಸುವಷ್ಟು ಹೊತ್ತು ಬಿಟ್ಟು ಎತ್ತಿ. ನಡುಕವೇ ಇಲ್ಲದೆ ಬೆಂಡು ಒಂದೇ ಕಡೆ ತೆವಳುತ್ತಿದ್ದರೆ ಅದು ಏಡಿ. ಎತ್ತುವಾಗ ಮಣಿಕಟ್ಟಿನಿಂದ ಅರ್ಧ ಅಡಿ ಮೇಲಕ್ಕೆ ಚಿಮ್ಮಿದರೆ ಸಾಕು. ತಲೆಯ ಮೇಲಿಂದ ಬೀಸಿ ಎಳೆದರೆ ಸಣ್ಣ ಮೀನಿನ ಬಾಯಿ ಹರಿಯುತ್ತದೆ, ಗಾಳ ಪಕ್ಕದವರ ಮುಖಕ್ಕೂ ಹೋಗಬಹುದು.

ಎಷ್ಟು ಹಿಡಿಯಬೇಕು, ಎಲ್ಲಿ ಹಿಡಿಯಬಾರದು

ಬೇಸಿಗೆಯ ಗುಂಡಿ ಇಡೀ ಹಳ್ಳದ ಬೀಜದ ಕಣಜ. ಮಳೆಗಾಲದಲ್ಲಿ ಗದ್ದೆ, ತೋಡು, ಕೆರೆಗೆಲ್ಲ ಹರಡುವ ಮೀನು ಈಗ ಈ ನಾಲ್ಕಾರು ಗುಂಡಿಗಳಲ್ಲಿ ಉಳಿದದ್ದರಿಂದಲೇ ಹುಟ್ಟಬೇಕು. ಕಾರೆಕಾಯಿ ಜಜ್ಜಿ ಹಾಕುವುದು, ಬ್ಲೀಚಿಂಗ್ ಪೌಡರ್ ಸುರಿಯುವುದು, ತೋಟೆ ಸಿಡಿಸುವುದು, ಪಂಪು ಇಟ್ಟು ನೀರು ಬತ್ತಿಸುವುದು ಮರಿ, ಏಡಿ, ಕಪ್ಪೆ ಯಾವುದನ್ನೂ ಉಳಿಸುವುದಿಲ್ಲ. ಹೀಗೆ ಒಮ್ಮೆ ಬರಿದಾದ ಹಳ್ಳದಲ್ಲಿ ಮೀನು ಮರಳಲು ವರ್ಷಗಳು ಬೇಕು, ಕೆಲವು ಜಾತಿ ಮರಳುವುದೇ ಇಲ್ಲ. ಗಾಳ ಹಾಕುವವರೂ ಒಂದು ಸಾರಿಗೆ ಬೇಕಾದಷ್ಟು ಸಿಕ್ಕಮೇಲೆ ಏಳಬೇಕು. ಗೇಣಿಗಿಂತ ಸಣ್ಣ ಗೆಂಡೆಯನ್ನೂ ಮೇ ತಿಂಗಳಲ್ಲಿ ಹೊಟ್ಟೆ ಉಬ್ಬಿದ ಹೆಣ್ಣು ಮೀನನ್ನೂ ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಡಿ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಬಿಟ್ಟ ಮೀನೂ ಬೂಸ್ಟು ಹಿಡಿದು ಸಾಯಬಹುದು. ಮೊದಲ ದೊಡ್ಡ ಮಳೆಗೆ ಮೊಟ್ಟೆಯಿಡಲು ಮೇಲಕ್ಕೆ ಬರುವ ಹತ್ತುಮೀನನ್ನು ಕಡಿದು ಚೀಲ ತುಂಬಿಸುವ ರೂಢಿಯನ್ನೂ ಬಿಡಬೇಕಾದ ಕಾಲ ಬಂದಿದೆ.

ಶೃಂಗೇರಿಯ ತುಂಗೆ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಶಿಶಿಲದ ಕಪಿಲಾ ಹೊಳೆಯ ಮತ್ಸ್ಯಧಾಮಗಳಲ್ಲಿ ಗಾಳ ಹಾಕುವಂತಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನ ಹೊಳೆಯಲ್ಲೂ ಇಲ್ಲ. ಮಹಶೀರ್ ಎಲ್ಲೇ ಸಿಕ್ಕರೂ ಬಿಡಿ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಊರ ಕೆರೆಗಳನ್ನು ಮೀನು ಸಾಕಲು ಗುತ್ತಿಗೆಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನು ಕೇಳಿಯೇ ಹೋಗಿ.

ಕಾಡಿನಂಚಿನ ಹಳ್ಳಕ್ಕೆ ಹೋಗುವವರು ಉಣುಗಿನ ಬಗ್ಗೆ ಉದಾಸೀನ ಮಾಡಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದರ ಕಾಟ ಹೆಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ರಾಶಿಯ ಮೇಲೆ ಕೂರಬೇಡಿ, ಬಂಡೆಯ ಮೇಲೆ ಕೂರಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮೀನು ಹಸನು ಮಾಡುವುದು, ಸಾರು ಕಾಯಿಸುವುದು

ಹಿಡಿದ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗಿಟ್ಟರೆ ಒಂದೇ ಗಂಟೆಯಲ್ಲಿ ಹೊಟ್ಟೆ ಮೆತ್ತಗಾಗುತ್ತದೆ. ಒದ್ದೆ ಸೊಪ್ಪು ಹಾಸಿದ ಬುಟ್ಟಿಯಲ್ಲಿ ನೆರಳಿಗಿಡಿ. ಚೇಳುಮೀನು ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಎದೆಯ ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಆ ಜಾಗವನ್ನು ತಡೆಯಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಮುಳುಗಿಸಿಡಿ. ನೀರಿನ ಬಿಸಿಯನ್ನು ಇನ್ನೊಂದು ಕೈಯಲ್ಲಿ ನೋಡಿಕೊಳ್ಳಿ, ಚುಚ್ಚಿದ ಕೈ ಮರಗಟ್ಟಿರುತ್ತದೆ. ಶಾಖಕ್ಕೆ ವಿಷದ ಶಕ್ತಿ ಕುಂದಿ ನೋವು ಇಳಿಯುತ್ತದೆ. ಮುಳ್ಳು ಒಳಗೇ ಮುರಿದಿದ್ದರೆ ಅಥವಾ ಬಾವು ಏರಿದರೆ ಡಾಕ್ಟರ ಬಳಿ ಹೋಗಲೇಬೇಕು.

ಗೆಂಡೆಯ ಹುರುಪೆಯನ್ನು ಕತ್ತಿಯ ಬೆನ್ನಿನಿಂದ ಬಾಲದ ಕಡೆಯಿಂದ ತಲೆಯ ಕಡೆಗೆ ಕೆರೆಯಿರಿ. ಕೊರವ, ಮುರುಗೋಡಿನ ಲೋಳೆಗೆ ಒಲೆಯ ಬೂದಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಂದು ಹಿಡಿ ಬೂದಿ ಸವರಿ ಕಲ್ಲಿಗೆ ಉಜ್ಜಿದರೆ ಕೈಗೆ ಹಿಡಿತ ಸಿಗುತ್ತದೆ. ಹೊಟ್ಟೆ ಸೀಳುವಾಗ ಕತ್ತಿಯ ಮೊನೆ ಆಳಕ್ಕೆ ಹೋಗಬಾರದು. ಪಿತ್ತದ ಚೀಲ ಒಡೆದರೆ ಹಸಿರು ರಸ ತಾಗಿದ ಮಾಂಸವೆಲ್ಲ ಕಹಿಯಾಗುತ್ತದೆ, ಅಷ್ಟು ಭಾಗ ಕತ್ತರಿಸಿ ಎಸೆಯುವುದೇ ದಾರಿ. ಕಿವಿರು, ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತ ತೆಗೆಯಿರಿ. ನಿಂತ ನೀರಿನ ಮೀನಿಗೆ ಕೆಸರಿನ ವಾಸನೆ ಬರುವುದು ನೀರಿನ ಪಾಚಿ, ಸೂಕ್ಷ್ಮಾಣುಗಳಿಂದ. ಹುಳಿ ಅದನ್ನು ಮುರಿಯುತ್ತದೆ, ಆದ್ದರಿಂದ ಉಪ್ಪು, ಅರಿಶಿನ, ಸ್ವಲ್ಪ ಹುಣಸೆರಸ ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆಯಿರಿ.

ಅರ್ಧ ಕಿಲೋ ಮೀನಿಗೆ 10 ಬ್ಯಾಡಗಿ ಮೆಣಸು, ಖಾರ ಬೇಕಿದ್ದರೆ 2 ಗುಂಟೂರು, 2 ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, 8 ಕಾಳುಮೆಣಸು ಇವನ್ನು ಒಂದೊಂದಾಗಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಘಮ ಬರುವಷ್ಟರಲ್ಲಿ ಮೆಂತ್ಯ ಕಪ್ಪಾಗಿ ಸಾರು ಕಹಿಯಾಗುತ್ತದೆ. ಇದಕ್ಕೆ ಅರ್ಧ ಬಟ್ಟಲು ತೆಂಗಿನತುರಿ, 8 ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ಚಿಟಿಕೆ ಅರಿಶಿನ ಸೇರಿಸಿ ನುಣ್ಣಗೆ ಅರೆಯಿರಿ. ಹುಳಿಗೆ ಒಣಗಿಸಿದ ವಾಟೆಹುಳಿಯ ಐದಾರು ಚೂರು ಸಿಕ್ಕರೆ ಅದೇ ಮೇಲು, ಇಲ್ಲವಾದರೆ ಸಣ್ಣ ನಿಂಬೆಗಾತ್ರದ ಹುಣಸೆಹಣ್ಣು. ಮಣ್ಣಿನ ಮಡಕೆಯಲ್ಲಿ ಮಸಾಲೆ, ಹುಳಿ, ಉಪ್ಪು, ಎರಡೂವರೆ ಲೋಟ ನೀರು ಹಾಕಿ ಮೊದಲು ಹತ್ತು ನಿಮಿಷ ಕುದಿಸಿ, ಹಸಿ ವಾಸನೆ ಹೋದಮೇಲೆ ಮೀನು ಬಿಡಿ. ಅಲ್ಲಿಂದ ಆರರಿಂದ ಎಂಟು ನಿಮಿಷ, ಸಣ್ಣ ಉರಿ. ಸೌಟು ಹಾಕಿದರೆ ತುಂಡು ಒಡೆಯುತ್ತದೆ, ಮಡಕೆಯ ಕಂಠ ಬಟ್ಟೆಯಲ್ಲಿ ಹಿಡಿದು ಒಮ್ಮೆ ತಿರುಗಿಸಿದರೆ ಸಾಕು. ಇಳಿಸಿ ಅರ್ಧ ಗಂಟೆ ಬಿಟ್ಟಮೇಲೆ ಅಕ್ಕಿರೊಟ್ಟಿಗೋ ಕಡುಬಿಗೋ ಬಡಿಸಿ. ಸಣ್ಣ ಪಕ್ಕೆಯನ್ನು ಸಾರಿಗೆ ಹಾಕಬೇಡಿ, ಮುಳ್ಳಿನ ಕಾಟ. ಉಪ್ಪು ಖಾರ ಸವರಿ ಗರಿಯಾಗಿ ಕರಿದರೆ ಮುಳ್ಳೂ ಸೇರಿ ತಿನ್ನಬಹುದು.

ಹಲಸಿನಕಾಯಿ ಹಪ್ಪಳ

ಹಪ್ಪಳ ಕೆಡುವುದು ಹೆಚ್ಚಾಗಿ ಕಾಯಿ ಆರಿಸುವಲ್ಲಿ. ಪೂರ್ತಿ ಬಲಿತಿರಬೇಕು, ಹಣ್ಣಿನತ್ತ ತಿರುಗಿರಬಾರದು. ಬಲಿತ ಕಾಯಿಯ ಮುಳ್ಳು ಅಗಲವಾಗಿ ಚಪ್ಪಟೆಯಾಗಿರುತ್ತದೆ, ಬೆರಳಲ್ಲಿ ಬಡಿದರೆ ಟೊಳ್ಳು ದನಿ ಬರುತ್ತದೆ. ಎಳೆ ಕಾಯಿಯಲ್ಲಿ ಪಿಷ್ಟ ಸಾಲದೆ ಹಿಟ್ಟು ಕೂಡಿಕೊಳ್ಳುವುದಿಲ್ಲ, ಒಣಗುವಾಗ ಅಂಚು ಬಿರಿಯುತ್ತದೆ. ತೊಳೆ ಹಳದಿಗೆ ತಿರುಗಿ ಸಿಹಿ ಇಳಿದಿದ್ದರೆ ಕರಿಯುವಾಗ ಕೆಂಪಾಗಿ ಗರಿಯಾಗದೆ ಉಳಿಯುತ್ತದೆ. ಮೆತ್ತನೆ ತೊಳೆಯ ಅಂಬಲಿ ಹಲಸಿಗಿಂತ ಗಟ್ಟಿ ತೊಳೆಯ ಬಕ್ಕೆ ಹಲಸು ಮೇಲು.

ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕಾಯಿ ಸೀಳಿ, ಮೇಣವನ್ನು ಹಾಳೆಯ ಚೂರಿನಿಂದ ಒರೆಸಿ ತೆಗೆಯಿರಿ. ತೊಳೆ ಬಿಡಿಸಿ ಬೇಳೆ (ಬೀಜ), ಸಾರೆ (ಸುತ್ತಲಿನ ನಾರು) ಬೇರೆ ಮಾಡಿ. ಒಂದು ಕಿಲೋ ತೊಳೆಯನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ನೀರಲ್ಲಿ ಹಾಕಿ ಬೇಯಿಸಬೇಡಿ. ಬೆರಳಲ್ಲಿ ಹಿಸುಕಿದರೆ ಗಂಟಿಲ್ಲದೆ ನುರಿಯಬೇಕು. ಬಿಸಿ ಇರುವಾಗಲೇ 10 ಗ್ರಾಂ ಉಪ್ಪು, 8 ಒಣಮೆಣಸಿನ ಪುಡಿ, ಒಂದು ಚಮಚ ಜೀರಿಗೆ ಸೇರಿಸಿ ಒರಳಲ್ಲಿ ಕುಟ್ಟಿ ಅಥವಾ ಒಂದು ಹನಿ ನೀರೂ ಹಾಕದೆ ರುಬ್ಬಿ. ಹಸಿ ಹಿಟ್ಟಿನ ರುಚಿ ನೋಡಿ ಉಪ್ಪು ಹೆಚ್ಚಿಸಬೇಡಿ. ಒಣಗಿದಾಗ ತೂಕ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಉಪ್ಪು ಅಷ್ಟೇ ಇರುತ್ತದೆ. ಸಪ್ಪೆ ಅನಿಸಿದ ಹಿಟ್ಟೇ ಕರಿದಮೇಲೆ ಸರಿಯಾಗಿರುತ್ತದೆ.

ಸಣ್ಣ ನಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ. ಕಿಲೋಗೆ ಸುಮಾರು 35ರಿಂದ 40 ಹಪ್ಪಳ ಆಗುತ್ತವೆ. ನಡು ದಪ್ಪ, ಅಂಚು ತೆಳುವಾದರೆ ನಡು ಒಣಗುವ ಮೊದಲೇ ಅಂಚು ಮುದುಡುತ್ತದೆ, ಆದ್ದರಿಂದ ಮಣೆಯನ್ನು ಓರೆಮಾಡದೆ ಒಂದೇ ಸಮ ಒತ್ತಿ. ಚಾಪೆಯ ಮೇಲೆ ಬೆಳಿಗ್ಗೆ ಒಂಬತ್ತರೊಳಗೆ ಹರವಿ, ಮಧ್ಯಾಹ್ನ ಮೇಲ್ಮೈ ಕೈಗಂಟದಂತೆ ಆದಾಗ ಮಗುಚಿ, ಇಳಿಹೊತ್ತಿನಲ್ಲಿ ಒಳಗೆ ತನ್ನಿ. ಇಬ್ಬನಿಗೆ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಎರಡು ಮೂರು ಬಿಸಿಲು ಕಂಡಮೇಲೆ ಮುರಿದರೆ ಟಕ್ಕೆಂದು ಮುರಿಯಬೇಕು. ಬಾಗಿದರೆ ಇನ್ನೊಂದು ದಿನ ಬೇಕು. ಬಿಸಿ ಆರಿದಮೇಲೇ ಡಬ್ಬಿಗೆ ತುಂಬಿ.

ಮುರುಗಲು ಪಾನಕ

ಮರದಿಂದ ಉದುರಿದ ಕಡುಗೆಂಪು ಹಣ್ಣು ಆಯ್ದು, ತೊಳೆದು, ಬಟ್ಟೆಯ ಮೇಲೆ ಹರವಿ ಪೂರ್ತಿ ಒಣಗಿಸಿ. ಒದ್ದೆ ಉಳಿದರೆ ಮೂರನೇ ದಿನಕ್ಕೆ ನೊರೆಯೆದ್ದು ಹೆಂಡದ ವಾಸನೆ ಬರುತ್ತದೆ. ಎರಡು ಹೋಳು ಮಾಡಿ ಬೀಜ ತೆಗೆದಿಡಿ. ಒಂದು ಕಿಲೋ ಸಿಪ್ಪೆಗೆ ಒಂದೂವರೆ ಕಿಲೋ ಸಕ್ಕರೆ ಲೆಕ್ಕ. ಗಾಜಿನ ಅಥವಾ ಪಿಂಗಾಣಿ ಜಾಡಿಯಲ್ಲಿ ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ ಪದರ ಪದರವಾಗಿ ಇಡಿ, ಮೇಲಿನ ಪದರ ಸಕ್ಕರೆಯದ್ದೇ ಇರಲಿ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡ, ಇದರ ಹುಳಿ ಲೋಹವನ್ನು ತಿನ್ನುತ್ತದೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗಿಟ್ಟು, ದಿನಕ್ಕೊಮ್ಮೆ ಒಣ ಮರದ ಸೌಟಿನಲ್ಲಿ ಕೈಯಾಡಿಸಿ. ಸಕ್ಕರೆ ಕರಗಿ ಸಿಪ್ಪೆ ಸುಕ್ಕಾದಾಗ ಸೋಸಿ, ಒಣಗಿದ ಬಾಟಲಿಗೆ ತುಂಬಿ. ಕುಡಿಯುವಾಗ ಒಂದು ಪಾಲು ರಸಕ್ಕೆ ಐದು ಪಾಲು ಮಡಕೆಯ ತಣ್ಣೀರು, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ. ಬಿಸಿಲಲ್ಲಿ ಹಪ್ಪಳ ಮಗುಚಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಪಾನೀಯ ಬೇರೊಂದಿಲ್ಲ. ಸೋಸಿದ ಸಿಪ್ಪೆಯನ್ನು ಬಿಸಾಡಬೇಡಿ, ಒಣಗಿಸಿದರೆ ಮಕ್ಕಳು ಹಾಗೆಯೇ ತಿನ್ನುತ್ತಾರೆ.

ತೆಗೆದಿಟ್ಟ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಲೋಳೆ ತೆಗೆದು ತೊಳೆದು, ಗಟ್ಟಿಯಾಗಿ ಒಣಗಿಸಿ. ಸಿಪ್ಪೆ ಒಡೆದು ಒಳಗಿನ ತಿರುಳನ್ನು ಕುಟ್ಟಿ ಪುಡಿ ಮಾಡಿ, ನಾಲ್ಕು ಪಟ್ಟು ನೀರಿನಲ್ಲಿ ಒಂದು ಗಂಟೆ ಕುದಿಸಿ ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಮೇಲೆ ಬಿಳಿಯಾಗಿ ಹೆಪ್ಪುಗಟ್ಟಿದ ಮುರುಗಲು ತುಪ್ಪ ಸಿಗುತ್ತದೆ. ಅದನ್ನು ತೆಗೆದು, ಕರಗಿಸಿ, ಸೋಸಿ, ನೀರಿನಂಶ ಹೋಗುವವರೆಗೆ ಕಾಯಿಸಿ ಉಂಡೆ ಕಟ್ಟಿಡಿ. ಒಡೆದ ಹಿಮ್ಮಡಿಗೆ ರಾತ್ರಿ ಸ್ವಲ್ಪ ಬಿಸಿ ಮಾಡಿ ಹಚ್ಚಬಹುದು.